ಇಪ್ಪತ್ತನಾಲ್ಕು ಗಂಟೆ ನೀರು ಸೋಕಬಾರದು

ಮೇಷ್ಟ್ರ ಬಚ್ಚಲಲ್ಲಿ ಷವರಿನ ಕೆಳಗಿದ್ದ ತೂಬಿನ ಸುತ್ತ ಒಂದು ಬಿರುಕು ಬಿಟ್ಟಿತ್ತು. ಎಷ್ಟು ದೊಡ್ಡದು ಎಂದು ಕೇಳಿದರೆ ಹೇಳಲು ನಾಚಿಕೆಯಾಗಬೇಕು. ಪೋಸ್ಟ್ ಕಾರ್ಡು ತೂರಿಸಿದರೆ ಅರ್ಧಕ್ಕೇ ನಿಲ್ಲುವಷ್ಟು. ಹನ್ನೊಂದು ವರ್ಷದ ಸ್ನೇಹ ಅಷ್ಟು ಸಣ್ಣ ಸಂದಿಯಲ್ಲಿ ಸೋರಿಹೋಗಬಹುದೆಂದು ಯಾರೂ ಎಣಿಸಿರಲಿಲ್ಲ.

ಮೇಷ್ಟ್ರು ಭೂಗೋಳ ಕಲಿಸುವವರು. ಇಪ್ಪತ್ತೆರಡು ವರ್ಷಗಳಿಂದ ನದಿಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ತಿರುಗುತ್ತವೆ, ಎಲ್ಲಿ ಸಮುದ್ರ ಸೇರುತ್ತವೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದವರು. ತಮ್ಮ ಮನೆಯ ನಾಲ್ಕು ಚೊಂಬು ನೀರನ್ನು ದಾರಿಗೆ ತರುವುದು ಮಾತ್ರ ಅವರ ಕೈಲಾಗಿರಲಿಲ್ಲ. ಅದು ತೂಬನ್ನು ಬಿಟ್ಟು, ಕೆಳಗಿನ ಮನೆಯ ಕಾಂಪೌಂಡರರ ಮಲಗುವ ಕೋಣೆಗೆ ಇಳಿಯುತ್ತಿತ್ತು.

ಕಾಂಪೌಂಡರರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಕಟ್ಟಿಕೊಟ್ಟು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮೇಷ್ಟ್ರಿಗೆ ಮದುವೆಯೇ ಆಗಿರಲಿಲ್ಲ. ಸಂಜೆ ಆರೂವರೆ ಆಯಿತೆಂದರೆ ಮೇಷ್ಟ್ರು ಕೆಳಗಿಳಿದು ಹೋಗುವುದು, ಇಬ್ಬರೂ ಚದುರಂಗದ ಮುಂದೆ ಕೂರುವುದು, ಕಾಂಪೌಂಡರರು ಗೆಲ್ಲುವುದು, ಇದು ಹನ್ನೊಂದು ವರ್ಷದ ವಾಡಿಕೆ. ಅಷ್ಟು ವರ್ಷಗಳಲ್ಲಿ ಮೇಷ್ಟ್ರು ಗೆದ್ದದ್ದು ಒಂಬತ್ತು ಸಲ. ಅದರಲ್ಲಿ ನಾಲ್ಕು ಸಲ ಕಾಂಪೌಂಡರರಿಗೆ ಜ್ವರವಿತ್ತು.

ಸೋರಿಕೆ ಶುರುವಾದಾಗ ಕಾಂಪೌಂಡರರು ಮೆಲ್ಲಗೆ ಹೇಳಿದರು. ಮೇಷ್ಟ್ರು ಒಬ್ಬ ಕೆಲಸಗಾರನನ್ನು ಕರೆಸಿದರು. ಅವನು ಸಿಮೆಂಟು ಮೆತ್ತಿ ಹೋದ. ಎರಡನೆಯವನು ಬಂದು ಮೊದಲನೆಯವನನ್ನು ಬಾಯಿತುಂಬ ಬೈದು, ಅದೇ ಸಿಮೆಂಟಿನ ಮೇಲೆ ಇನ್ನಷ್ಟು ಸಿಮೆಂಟು ಮೆತ್ತಿ ಹೋದ. ಮೂರನೆಯವನನ್ನು ಕರೆಸಬೇಕು, ಕರೆಸಬೇಕು ಎನ್ನುತ್ತ ಮೇಷ್ಟ್ರು ಪರೀಕ್ಷೆಯ ಪೇಪರು ತಿದ್ದುತ್ತ ಕುಳಿತರು. ನೀರು ಅಷ್ಟರಲ್ಲಿ ಗೋಡೆಯಲ್ಲಿ ಇಳಿದು ಕಾಂಪೌಂಡರರ ಮದುವೆಯ ಫೋಟೋದೊಳಗೆ ಹೊಕ್ಕಿತು. ವರನ ಅರ್ಧ ಕೋಟು ಉಳಿಯಿತು, ವಧುವಿನ ಮುಖ ಪೂರ್ತಿ ಅಳಿಸಿಹೋಯಿತು.

ಕಾಂಪೌಂಡರರು ಆ ಫೋಟೋ ಹಿಡಿದುಕೊಂಡು ಮೇಲೆ ಬಂದು ಹೊಸ್ತಿಲಲ್ಲೇ ನಿಂತರು.

"ಅವಳ ಮುಖ ಹೋಯ್ತು. ಇನ್ಮೇಲೆ ನಿಮ್ಮ ಮುಖಾನೂ ನಾನು ನೋಡಲ್ಲ, ಮೇಷ್ಟ್ರೇ."

ಹೇಳಿದಂತೆಯೇ ನಡೆದುಕೊಂಡರು. ನಾಲ್ಕು ತಿಂಗಳಾಯಿತು, ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಇಂಥ ಜಗಳವನ್ನು ಅಕ್ಕಪಕ್ಕದವರು ಕೂಡಿಸಿಯಾದರೂ ಕೂಡಿಸಬೇಕು, ಇಲ್ಲ ಹೊತ್ತಿಸಿಯಾದರೂ ಹೊತ್ತಿಸಬೇಕು. ಆ ಕಟ್ಟಡದಲ್ಲಿ ಎರಡೂ ಆಗುತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ಚಪ್ಪಲಿ ಇಡುವ ಜಾಗದ ಬಗ್ಗೆ ಎರಡು ಮನೆಯವರು ಮುನಿಸಿಕೊಂಡಿದ್ದಾಗ, ಮೂಲೆಮನೆಯ ದರ್ಜಿಯಮ್ಮ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಿ, ವಿಷಯ ವಕೀಲರ ನೋಟೀಸಿನವರೆಗೆ ಹೋಗಿತ್ತು. ಆಗ ಕಟ್ಟಡದ ಯಜಮಾನ ಬಂದು, ಜಗಳವಾಡಿದ ಇಬ್ಬರಲ್ಲಿ ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಮುಂದೆ ಯಾರಾದರೂ ಎತ್ತಿದರೆ ಮಾರನೆಯ ದಿನವೇ ಮನೆ ಖಾಲಿ ಮಾಡಿಸುತ್ತೇನೆ ಎಂದು ಸಾರಿಬಿಟ್ಟ. ಅಂದಿನಿಂದ ಅದೇ ಪದ್ಧತಿ. ಬೇರೆಲ್ಲ ವಿಷಯದಲ್ಲೂ ಮೂಗು ತೂರಿಸುವ ಜನ ಇದೊಂದರಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೇಷ್ಟ್ರ ಮುಂದೆ ಕಾಂಪೌಂಡರ್ ಎಂಬ ಪದವೇ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಹೋದ ವಾರ ಮೇಷ್ಟ್ರಿಗೆ ಮೂರು ದಿನ ಜ್ವರ ಬಂದಿತ್ತು. ಮೊದಲಾಗಿದ್ದರೆ ಕಾಂಪೌಂಡರರು ಕಾಗದದಲ್ಲಿ ಪುಡಿ ಕಟ್ಟಿಕೊಂಡು ಬಂದು, ಬೈದು, ಕುಡಿಸಿ ಹೋಗುತ್ತಿದ್ದರು. ಈ ಸಲ ಯಾರೂ ಬರಲಿಲ್ಲ. ಮೇಷ್ಟ್ರು ತಾವೇ ಎದ್ದು ನೀರು ಕಾಯಿಸಿಕೊಂಡು ಕುಡಿದು, ಮತ್ತೆ ಮಲಗಿ, ಸೂರು ನೋಡುತ್ತ ಯೋಚಿಸಿದರು. ನಾನು ಸತ್ತರೆ ಕೆಳಗಿನವರಿಗೆ ತಿಳಿಯುವುದು ಬಚ್ಚಲು ಸೋರುವುದು ನಿಂತಾಗಲೇ. ಅದೂ ಅವರಿಗೆ ಒಳ್ಳೆಯ ಸುದ್ದಿಯಾಗಿ ತಲುಪುತ್ತದೆ. ಈ ಯೋಚನೆಗೆ ಅವರಿಗೆ ಅಳು ಬಂತು. ಜ್ವರ ಬಿಟ್ಟ ಮೇಲೂ ಆ ಯೋಚನೆ ಬಿಡಲಿಲ್ಲ.

ಹಾಗಾಗಿ ಭಾನುವಾರ ಬೆಳಗ್ಗೆ ಎದ್ದವರೇ ತೀರ್ಮಾನ ಮಾಡಿದರು. ಬಚ್ಚಲನ್ನು ಇವತ್ತು ಸ್ವಂತ ಕೈಯಿಂದ ಸರಿಮಾಡುವುದು, ಆರೂವರೆಗೆ ಸರಿಯಾಗಿ ಕೆಳಗೆ ಹೋಗಿ ಬಾಗಿಲು ತಟ್ಟುವುದು. ಅವರು ಮುಖದ ಮೇಲೆ ಬಾಗಿಲು ಹಾಕಿದರೆ ಅಲ್ಲಿಗೆ ಮುಗಿಯಿತು, ಇನ್ನು ಕೇಳುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯವನು ಬಿಳಿ ಮೇಣದಂಥದ್ದು ತುಂಬಿದ ಒಂದು ಟ್ಯೂಬು ಕೊಟ್ಟ.

"ಹಳೇದನ್ನೆಲ್ಲ ಕೆರೆದು ತೆಗೀರಿ. ಚೆನ್ನಾಗಿ ಒಣಗಿಸಿ. ಆಮೇಲೆ ಇದನ್ನ ತುಂಬಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಆದ್ರೆ ತುಂಬಿದ್ಮೇಲೆ ಇಪ್ಪತ್ತನಾಲ್ಕು ಗಂಟೆ ಒಂದು ತೊಟ್ಟು ನೀರು ಸೋಕಬಾರದು. ಸೋಕ್ತೋ, ನನ್ನ ಹತ್ರ ಬಂದು ಅಳ್ಬೇಡಿ."

"ಅಳೋದು ನನಗೆ ಅಭ್ಯಾಸ ಇದೆ, ಬಿಡಿ," ಎಂದು ಹೇಳಿ ಮೇಷ್ಟ್ರು ಮನೆಗೆ ಬಂದರು.

ತೂಬಿನ ಜಾಲರಿಗೆ ನಾಲ್ಕು ಸ್ಕ್ರೂ. ಮೂರು ಸುಲಭವಾಗಿ ಬಂದವು. ನಾಲ್ಕನೆಯದು ಬಂದದ್ದೇ ಬೆರಳಿನಿಂದ ಜಾರಿ ಟಣ್ ಎಂದು ತೂಬಿನೊಳಗೆ ಬಿತ್ತು. ಮೇಷ್ಟ್ರು ಬೋರಲಾಗಿ ಮಲಗಿ ಒಳಗೆ ಇಣುಕಿ ನೋಡುತ್ತಿದ್ದಾಗ ತೆರೆದ ಬಾಗಿಲಿಂದ ಎದುರು ಮನೆಯ ಓವರ್‌ಸಿಯರ್ ಬಂದರು.

ಇವರನ್ನು ಕಟ್ಟಡದಲ್ಲಿ ಎಲ್ಲರೂ ಬೆನ್ನ ಹಿಂದೆ ಅಣೆಕಟ್ಟು ಎನ್ನುತ್ತಿದ್ದರು. ಎಂದೋ ಒಂದು ಅಣೆಕಟ್ಟಿನ ಕೆಲಸದಲ್ಲಿ ಇದ್ದವರು. ನಿವೃತ್ತರಾಗಿ ಎಂಟು ವರ್ಷವಾದರೂ ಮಾತು ಎಲ್ಲಿ ಶುರುವಾದರೂ ಅಣೆಕಟ್ಟಿಗೇ ಹೋಗಿ ನಿಲ್ಲುತ್ತಿತ್ತು. ದನಿಯೂ ಹಾಗೆಯೇ, ಇನ್ನೊಂದು ದಡಕ್ಕೆ ಕೇಳುವಂಥದ್ದು.

"ಏನ್ರೀ ಮೇಷ್ಟ್ರೇ, ಈಜು ಕಲೀತಿದೀರಾ?"

"ಬಚ್ಚಲು ಸರಿ ಮಾಡ್ತಿದೀನಿ."

ಓವರ್‌ಸಿಯರರ ಮುಖ ಅರಳಿದ ಪರಿ ನೋಡಿ ಮೇಷ್ಟ್ರಿಗೇ ಆಶ್ಚರ್ಯವಾಯಿತು. "ಹೌದಾ! ಬಹಳ ಒಳ್ಳೇದು. ಮಾಡಿ, ಮಾಡಿ. ಚೆನ್ನಾಗಿ ಮಾಡಿ. ಅಚ್ಚುಕಟ್ಟಾಗಿ ಮಾಡಿ. ಕೆಳಗೆ ಒಂದು ತೊಟ್ಟು ಇಳೀಬಾರದು, ಏನು?" ಎಂದವರೇ ಪಂಚೆ ಮೇಲೆ ಕಟ್ಟಿ ಬಚ್ಚಲಿಗೆ ಇಳಿದರು. ತಮ್ಮ ಮೇಲೆ ಇವರಿಗೆ ಇಷ್ಟು ಅಕ್ಕರೆ ಇದೆಯೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ನಾಲ್ಕು ತಿಂಗಳಿಂದ ಯಾರ ಅಕ್ಕರೆಯೂ ಸಿಗದ ಮನುಷ್ಯ, ತಟ್ಟನೆ ಸರಿದು ಅವರಿಗೆ ಜಾಗ ಬಿಟ್ಟರು.

ಬಿದ್ದ ಸ್ಕ್ರೂ ತೆಗೆಯಲು ದರ್ಜಿಯಮ್ಮನನ್ನು ಕೂಗಲಾಯಿತು. ಆಕೆ ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಂಡು ಬಂದು, ತೂಬಿಗೆ ಇಳಿಬಿಟ್ಟು, ಮೀನು ಹಿಡಿಯುವವಳಂತೆ ಕುಳಿತಳು. ಮೊದಲು ಒಂದು ಹೇರ್‌ಪಿನ್ನು ಬಂತು.

"ಇದ್ಯಾರ್ದು ಮೇಷ್ಟ್ರೇ?" ಎಂದು ದರ್ಜಿಯಮ್ಮ ಪಿನ್ನನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು.

"ನನಗಿಂತ ಮುಂಚೆ ಇದ್ದೋರ್ದು ಇರ್ಬೇಕಮ್ಮ. ನಾನು ಬಂದು ಹನ್ನೊಂದು ವರ್ಷ ಆಯ್ತು."

"ತುಕ್ಕೇ ಹಿಡಿದಿಲ್ಲವಲ್ಲ!"

ಮೇಷ್ಟ್ರ ಬಾಳಿನಲ್ಲಿ ಹೆಣ್ಣಿನ ಸುದ್ದಿ ಸುಳಿದದ್ದು ಅದೇ ಮೊದಲು. ಅದೂ ಬಚ್ಚಲ ತೂಬಿನಿಂದ. ಅವರಿಗೆ ನಗು ಬರಲಿಲ್ಲ. ಸ್ಕ್ರೂ ಮೂರನೆಯ ಸಲಕ್ಕೆ ಬಂತು.

ಮುಂದಿನದು ಕೆರೆಯುವ ಕೆಲಸ. ಮೇಷ್ಟ್ರು ಹಳೆಯ ಚಮಚದಿಂದ ನಯವಾಗಿ ಕೆರೆಯುತ್ತಿದ್ದರು. ಓವರ್‌ಸಿಯರರಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. "ಇದೇನ್ರೀ, ಮಗೂಗೆ ಅನ್ನ ತಿನ್ನಿಸೋ ಹಾಗೆ!" ಎಂದು ಉಳಿ ಸುತ್ತಿಗೆ ತಂದು ಒಂದೇ ಏಟು ಕೊಟ್ಟರು. ಸಿಮೆಂಟಿನ ಜೊತೆಗೆ ನೆಲದ ಒಂದು ಟೈಲೂ ಎದ್ದು ಎರಡು ತುಂಡಾಯಿತು. ಪೋಸ್ಟ್ ಕಾರ್ಡು ತೂರದ ಜಾಗದಲ್ಲಿ ಈಗ ಅಟ್ಲಾಸೇ ತೂರುವಂತಿತ್ತು.

"ಅಯ್ಯೋ, ಟೈಲು ಹೋಯ್ತಲ್ಲ!"

"ಹೋಗ್ಲಿ ಬಿಡಿ. ಅಡಿಪಾಯ ಕಾಣಬೇಕು. ಅಣೆಕಟ್ಟಲ್ಲಿ ನಾವು ಮೂವತ್ತು ಅಡಿ ಅಗೆದಿದ್ವಿ."

"ಮೂವತ್ತಡಿ ಅಗೆದ್ರೆ ಕೆಳಗಿನ..." ಎಂದ ಮೇಷ್ಟ್ರು ಸುಮ್ಮನಾದರು. ಕೆಳಗಿನವರ ಹೆಸರು ಎತ್ತುವುದು ಅವರಿಗೂ ಸಂಕಟ. ಓವರ್‌ಸಿಯರರೂ ದರ್ಜಿಯಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇರೆ ಕಡೆ ತಿರುಗಿದರು.

ಒಣಗಿಸುವ ಉಪಾಯವನ್ನು ದರ್ಜಿಯಮ್ಮ ಹೇಳಿದಳು. ಒದ್ದೆ ಬಟ್ಟೆ ಯಾವುದರಲ್ಲಿ ಒಣಗುತ್ತದೆಯೋ ಒದ್ದೆ ನೆಲವೂ ಅದರಲ್ಲೇ ಒಣಗಬೇಕು. ಆಕೆ ತನ್ನ ಇಸ್ತ್ರಿ ಪೆಟ್ಟಿಗೆ ತಂದು, ನೆಲದ ಮೇಲೆ ಹಳೆ ಬಟ್ಟೆ ಹಾಸಿ, ಕಾಲರ್ ಇಸ್ತ್ರಿ ಮಾಡುವಷ್ಟು ನಾಜೂಕಾಗಿ ತೂಬಿನ ಸುತ್ತ ಆಡಿಸಿದಳು. ಎರಡು ಸುತ್ತು ಚೆನ್ನಾಗಿ ಹಬೆಯಾಡಿತು. ಮೂರನೆಯ ಸುತ್ತಿಗೆ ಚಟ್ ಎಂದು ಸದ್ದಾಗಿ ಇಡೀ ಮಹಡಿಯ ಕರೆಂಟು ಹೋಯಿತು. ಬಹಳ ಜನ ಸೇರಿದರೆ ಹಾವು ಸಾಯುವುದಿಲ್ಲ ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡರು. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಬಂದವರು ಉಪಕಾರಕ್ಕೆ ಬಂದವರು. ಬಚ್ಚಲ ಕತ್ತಲಲ್ಲಿ ಹಳೆ ಪರೀಕ್ಷಾ ಪೇಪರಿನ ಕಟ್ಟಿನಿಂದ ಅವರೇ ಗಾಳಿ ಬೀಸುತ್ತ ಕುಳಿತು ಮಧ್ಯಾಹ್ನ ಎರಡರ ಹೊತ್ತಿಗೆ ನೆಲ ಒಣಗಿಸಿದರು.

ಮೂರು ಗಂಟೆಗೆ ಕರೆಂಟು ಬಂತು. ಆಗ ಟ್ಯೂಬಿನ ಮೂತಿ ಕತ್ತರಿಸಿ, ಉಸಿರು ಬಿಗಿಹಿಡಿದು, ಮೇಷ್ಟ್ರು ತೂಬಿನ ಸುತ್ತ ಬಿಳಿ ಗೆರೆ ಎಳೆದರು. ಒಡೆದ ಟೈಲನ್ನು ಕೂರಿಸಿ ಅದರ ಸುತ್ತಲೂ ಎಳೆದರು. ಜಾಲರಿ ಬಿಗಿದರು. ನಕ್ಷೆಯಲ್ಲಿ ಕರಾವಳಿ ಬಿಡಿಸಿದವರ ಕೈ, ಎಲ್ಲೂ ನಡುಗಲಿಲ್ಲ. ಮೀಸೆಗೂ ಕನ್ನಡಕಕ್ಕೂ ಒಂದಿಷ್ಟು ಮೆತ್ತಿಕೊಂಡಿತ್ತು, ಅದು ಬೇರೆ ಮಾತು. ಬಹಳ ದಿನಗಳ ಮೇಲೆ ಅವರ ಮನಸ್ಸಿಗೆ ಒಂದು ಬಗೆಯ ಸಂತೋಷವಾಯಿತು.

ಹಿಂದಿನಿಂದ ಬಕೆಟ್ಟಿನ ಸದ್ದು ಕೇಳಿಸಿತು. ಓವರ್‌ಸಿಯರರು ತುಂಬಿದ ಬಕೆಟ್ಟು ಎತ್ತಿ ನಿಂತಿದ್ದರು.

"ಸರಿಯಿರಿ, ಸರಿಯಿರಿ. ಪರೀಕ್ಷೆ ಮಾಡೋಣ."

"ಅಯ್ಯಯ್ಯೋ, ಬೇಡ್ರೀ! ಇಪ್ಪತ್ತನಾಲ್ಕು ಗಂಟೆ ನೀರು ಸೋಕಬಾರದು!"

"ಅಣೆಕಟ್ಟಿಗೆ ನೀರು ತುಂಬಿಸಿ ನೋಡ್ದೆ ಯಾರಾದ್ರೂ ಸರಿಯಾಗಿದೆ ಅಂತ ಬರ್ಕೊಡ್ತಾರೇನ್ರೀ?"

"ನನಗೆ ಯಾರೂ ಏನೂ ಬರ್ಕೊಡೋದು ಬೇಡ!"

ಬಕೆಟ್ಟಿನ ಕಿವಿಯನ್ನು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಎಳೆದಾಡಿ, ಅರ್ಧ ನೀರು ಇಬ್ಬರ ಕಾಲ ಮೇಲೂ ಇನ್ನರ್ಧ ಹಜಾರದ ನೆಲದ ಮೇಲೂ ಚೆಲ್ಲಿತು. ಬಚ್ಚಲಿಗೆ ಒಂದು ಹನಿಯೂ ಬೀಳಲಿಲ್ಲ. ಮೇಷ್ಟ್ರು ಓವರ್‌ಸಿಯರರನ್ನೂ ದರ್ಜಿಯಮ್ಮನನ್ನೂ ಕೈಮುಗಿದು ಹೊರಗೆ ಕಳಿಸಿ, ಮುಂಬಾಗಿಲಿಗೆ ಚಿಲಕ ಹಾಕಿ, ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತರು. ಹದಿನೈದು ನಿಮಿಷಕ್ಕೊಮ್ಮೆ ಓವರ್‌ಸಿಯರರು ಬಾಗಿಲು ಬಡಿಯುವರು. "ಒಂದೇ ಚೊಂಬು, ಮೇಷ್ಟ್ರೇ! ಬರೀ ಒಂದೇ ಚೊಂಬು!" ಮೇಷ್ಟ್ರು ಒಳಗಿನಿಂದಲೇ "ನಾಳೆ, ನಾಳೆ" ಎನ್ನುವರು.

ನಾಲ್ಕರಿಂದ ಕೆಳಗಿನ ಮನೆಯಲ್ಲಿ ಏನನ್ನೋ ಎಳೆದಾಡುವ ಸದ್ದು ಶುರುವಾಯಿತು. ಮಂಚ ಜರುಗಿಸಿದ ಹಾಗೆ, ಪೆಟ್ಟಿಗೆ ಎತ್ತಿದ ಹಾಗೆ. ಮೆಟ್ಟಿಲಲ್ಲೂ ಹೋಗಿಬರುವ ಕಾಲ ಸಪ್ಪಳ. ಪಾಪ, ಮತ್ತೆ ಮಂಚ ಒದ್ದೆಯಾಗಿ ಜಾಗ ಬದಲಾಯಿಸುತ್ತಿದ್ದಾರೆ ಎಂದು ಮೇಷ್ಟ್ರು ನೊಂದುಕೊಂಡರು. ಇಸ್ತ್ರಿ ಪೆಟ್ಟಿಗೆ ಮರಳಿ ಒಯ್ಯಲು ದರ್ಜಿಯಮ್ಮ ಬಂದಾಗ ಕೇಳಿಯೇಬಿಟ್ಟರು.

"ಕೆಳಗೆ ಏನಮ್ಮ ಅದು ಸದ್ದು?"

ದರ್ಜಿಯಮ್ಮನ ಬಾಯಿ ತೆರೆಯಿತು. ಒಳಗಿನ ಮಾತು ಹಲ್ಲಿನ ತುದಿಯವರೆಗೆ ಬಂದು ನಿಂತದ್ದು ಕಾಣುವಂತಿತ್ತು. ಆಕೆ ಬಾಯಿ ಮುಚ್ಚಿ, ಉಗುಳು ನುಂಗಿ, "ಏನೋ ಸದ್ದಪ್ಪ. ನನಗೊಂದೂ ಗೊತ್ತಿಲ್ಲ," ಎಂದು ಪೆಟ್ಟಿಗೆ ಎತ್ತಿಕೊಂಡು ಓಡಿದಳು. ಹುಟ್ಟಿದಾಗಿನಿಂದ ಆಕೆ ನುಂಗಿದ ಮೊದಲ ಸುದ್ದಿ ಅದೇ ಇರಬೇಕು.

ಆರೂಕಾಲಿಗೆ ಮೇಷ್ಟ್ರು ಅಂಗಿ ಬದಲಾಯಿಸಿದರು. ಕೆಳಗೆ ಹೋಗಿ ಏನು ಹೇಳುವುದೆಂದು ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡರು. ಎರಡು ಸಲವೂ ಚೆನ್ನಾಗಿರಲಿಲ್ಲ. ಖಾಲಿ ಟ್ಯೂಬನ್ನು ಸಾಕ್ಷಿಗೆ ಜೇಬಿನಲ್ಲಿಟ್ಟುಕೊಂಡು ಬಾಗಿಲು ತೆರೆದರೆ, ಎದುರಿಗೆ ಕಾಂಪೌಂಡರರೇ ನಿಂತಿದ್ದರು. ಕಂಕುಳಲ್ಲಿ ಚದುರಂಗದ ಮಣೆ, ತಲೆಯ ತುಂಬ ಧೂಳು.

ಕಾಂಪೌಂಡರರು ಮಣೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಜ್ವರ ಬಂದಿತ್ತಂತೆ," ಎಂದರು ಕಾಂಪೌಂಡರರು.

"ಯಾರು ಹೇಳಿದ್ರು?"

"ಯಾರು ಹೇಳ್ತಾರೆ ಈ ಕಟ್ಟಡದಲ್ಲಿ? ಮೂರು ದಿನ ಮೇಲಿಂದ ನೀರು ಬೀಳ್ಲಿಲ್ಲ. ಸ್ನಾನ ಮಾಡ್ತಿಲ್ಲ ಅಂದ್ರೆ ಮಲಗಿದಾರೆ ಅಂದ್ಕೊಂಡೆ. ಪುಡಿ ಕಟ್ಕೊಂಡು ಮೆಟ್ಟಿಲವರೆಗೂ ಬಂದೆ. ಹಾಳು ಹಟ, ವಾಪಸ್ ಹೋದೆ." ಅವರ ದನಿ ಸಣ್ಣದಾಯಿತು. "ಆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಮೇಷ್ಟ್ರೇ."

ಮೇಷ್ಟ್ರಿಗೆ ಕಣ್ಣು ತುಂಬಿತು. ಜೇಬಿನಿಂದ ಟ್ಯೂಬು ತೆಗೆದು ತೋರಿಸಿದರು. "ಸರಿ ಮಾಡ್ಬಿಟ್ಟೆ. ನನ್ನ ಕೈಯಾರೆ. ಇನ್ನು ನಿಮ್ಮ ಕೋಣೆಗೆ ಒಂದು ತೊಟ್ಟೂ ಬೀಳಲ್ಲ."

ಕಾಂಪೌಂಡರರು ಟ್ಯೂಬನ್ನು ನೋಡಿದರು, ಮೇಷ್ಟ್ರ ಮೀಸೆಯ ಬಿಳಿಯನ್ನು ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ನಗಲು ಶುರುಮಾಡಿದರು.

"ಆ ಕೋಣೆ ನಂದಲ್ಲವಲ್ಲ ಈಗ! ನಿಮ್ಮ ಮೇಲೆ ಸಿಟ್ಟು ಇಟ್ಕೊಂಡೂ ಇರೋಕಾಗ್ಲಿಲ್ಲ, ಸೋರೋ ಮನೇಲೂ ಇರೋಕಾಗ್ಲಿಲ್ಲ. ಮೇಲಿನ ಮನೆ ಖಾಲಿ ಇತ್ತಲ್ಲ, ನಿಮ್ಮ ತಲೆ ಮೇಲಿಂದು. ಯಜಮಾನನ್ನ ಕೇಳ್ದೆ, ಕೊಟ್ಟ. ಇವತ್ತೇ ಸಾಮಾನು ಸಾಗಿಸ್ದೆ. ನೀರು ಕೆಳಗಿಂದ ಮೇಲಕ್ಕೆ ಸೋರಲ್ಲ ತಾನೇ? ಇನ್ನು ನಮ್ಮಿಬ್ಬರ ನಡುವೆ ಜಗಳಕ್ಕೆ ಕಾರಣಾನೇ ಇಲ್ಲ."

ಇಡೀ ದಿನ ಬೆನ್ನು ಮುರಿದದ್ದು ಖಾಲಿ ಮನೆಗೋಸ್ಕರ ಎಂದು ತಿಳಿದಾಗ ಮೇಷ್ಟ್ರಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ತನಗಾಗಿ ಒಬ್ಬ ಮನುಷ್ಯ ಮಂಚ ಹೊತ್ತು ಎರಡು ಮಹಡಿ ಹತ್ತಿದ್ದಾನೆ ಎಂಬುದೊಂದೇ ಅವರ ತಲೆಯಲ್ಲಿತ್ತು. ಅವರು ಕಾಂಪೌಂಡರರ ಧೂಳಿನ ಕೈ ಹಿಡಿದುಕೊಂಡರು.

"ಇರಿ, ಮೈಯೆಲ್ಲ ಧೂಳು. ಮೇಲೆ ಹೋಗಿ ಎರಡು ಚೊಂಬು ಹಾಕ್ಕೊಂಡು ಬರ್ತೀನಿ. ನೀವು ಟೀ ಇಡಿ," ಎಂದು ಮಣೆ ಕೊಟ್ಟು ಕಾಂಪೌಂಡರರು ಮೇಲೆ ಹೋದರು.

ಮೇಷ್ಟ್ರು ಟೀಗೆ ಇಟ್ಟರು. ಎರಡು ಲೋಟ ತೊಳೆದರು. ಎರಡನೆಯ ಲೋಟ ಎಷ್ಟು ದಿನದಿಂದ ಬೋರಲಾಗಿತ್ತೋ, ಅದರ ಅಡಿಯಲ್ಲಿ ಗುಂಡನೆ ಧೂಳಿನ ಗುರುತಿತ್ತು. ಸಕ್ಕರೆ ಕದಡುತ್ತಿದ್ದಾಗ ಬಚ್ಚಲ ಕಡೆಯಿಂದ ಸದ್ದು ಕೇಳಿಸಿತು. ಓವರ್‌ಸಿಯರರು ಹೇಗೋ ಒಳಗೆ ನುಗ್ಗಿದರೇ ಎಂದು ಓಡಿದರು.

ಬಚ್ಚಲಲ್ಲಿ ಯಾರೂ ಇರಲಿಲ್ಲ. ಸೂರಿನ ಸುಣ್ಣದಲ್ಲಿ ಒಂದು ದೊಡ್ಡ ಒದ್ದೆ ಮಚ್ಚೆ ಮೂಡಿತ್ತು. ಅದರ ನಡುವಿನಿಂದ ನೀರು ಹನಿಯಾಗಿ ಅಲ್ಲ, ಧಾರೆಯಾಗಿ ಇಳಿಯುತ್ತಿತ್ತು. ಹೊಸ ಬಿಳಿ ಗೆರೆ ಹಾಲಿನ ಕೆನೆಯಂತೆ ಎದ್ದು ತೇಲುತ್ತಿತ್ತು. ಒಡೆದ ಟೈಲು ಪಕ್ಕಕ್ಕೆ ಸರಿದಿತ್ತು. ಮೇಲಿನಿಂದ ಕಾಂಪೌಂಡರರು ಹಾಡು ಗುನುಗುತ್ತ ಮೈ ಉಜ್ಜಿಕೊಳ್ಳುವುದು ಕೇಳಿಸುತ್ತಿತ್ತು. ನಾಲ್ಕು ತಿಂಗಳಿಂದ ಆ ಮನುಷ್ಯ ಹಾಡಿದ್ದನ್ನು ಮೇಷ್ಟ್ರು ಕೇಳಿರಲಿಲ್ಲ.

ಬಕೆಟ್ಟು ತಂದು ಇಟ್ಟರು, ಆದರೆ ಹೊತ್ತು ಮೀರಿತ್ತು. ಕೂಗಿ ಹೇಳಲು ಬಾಯಿ ತೆರೆದರು. ಹೇಳಿದರೆ ಏನಾಗುತ್ತದೆ? ಹಟಮಾರಿ ಮನುಷ್ಯ, ನಾಚಿಕೆಗೆ ಗಂಟುಮೂಟೆ ಕಟ್ಟುತ್ತಾರೆ. ಮೇಲಿನ ಮನೆಯೂ ಆಯಿತು, ಕೆಳಗಿನ ಮನೆಯೂ ಆಯಿತು, ಇನ್ನು ಉಳಿದದ್ದು ಬೀದಿ. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಬಚ್ಚಲ ಬಾಗಿಲು ಎಳೆದರು.

ಕಾಂಪೌಂಡರರು ತಲೆ ಒರೆಸಿಕೊಳ್ಳುತ್ತ ಬಂದು ಕುಳಿತರು. ಕಾಯಿ ಜೋಡಿಸಿದ್ದಾಯಿತು, ಟೀ ಕುಡಿದದ್ದಾಯಿತು. ನಾಲ್ಕನೆಯ ನಡೆಗೆ ಮುಂಬಾಗಿಲು ಮುರಿದುಹೋಗುವ ಹಾಗೆ ಬಡಿತ.

ಓವರ್‌ಸಿಯರರು ನಿಂತಿದ್ದರು. ತಲೆಯ ಮೇಲೆ ಒದ್ದೆ ಪತ್ರಿಕೆ, ಹೆಗಲ ಮೇಲೆ ಸುಣ್ಣದ ಚಕ್ಕೆ.

"ಏನ್ರೀ ಮೇಷ್ಟ್ರೇ ಇದು! ನನ್ನ ಹೆಂಡತಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಇವರು ಬಿಟ್ಟ ಕೆಳಗಿನ ಮನೆಗೆ ಇವತ್ತೇ ಹೋದ್ವಿ. ಬೆಳಗ್ಗೆಯಿಂದ ನಿಮ್ಮ ಜೊತೆ ಒದ್ದಾಡಿದ್ದು ಅದಕ್ಕೇ ಕಣ್ರೀ! ಬಾಯಿಬಿಟ್ಟು ಹೇಳೋ ಹಾಗಿರ್ಲಿಲ್ಲ, ಇವರ ಸುದ್ದಿ ನಿಮ್ಮ ಮುಂದೆ ಎತ್ತಬಾರದಲ್ಲ. ಮಂಚ ಹಾಕಿ ಅರ್ಧ ಗಂಟೆ ಆಗಿಲ್ಲ, ಅವಳ ಮುಖದ ಮೇಲೇ ಸುರೀತಿದೆ! ನೀರು ಸೋಕಬಾರದು ಅಂದ್ರಲ್ಲ, ನೀವೇ ಸ್ನಾನಕ್ಕೆ ಕೂತ್ರಾ? ಯಾರ ಮನೆ ನೀರ್ರೀ ಇದು?"

ಮೇಷ್ಟ್ರು ಬಚ್ಚಲ ಕಡೆ ನೋಡಿದರು. ಆಮೇಲೆ ಮಣೆಯ ಆಚೆ ಕುಳಿತ ಗೆಳೆಯನನ್ನು ನೋಡಿದರು. ಒದ್ದೆ ಕೂದಲನ್ನು ನೀಟಾಗಿ ಬಾಚಿಕೊಂಡು, ನಾಲ್ಕು ತಿಂಗಳ ಮೇಲೆ ಮೊದಲ ಸಲ ನೆಮ್ಮದಿಯಾಗಿ ಕುಳಿತ ಮನುಷ್ಯ.

"ನನ್ನ ಮನೇದೇ," ಎಂದರು ಮೇಷ್ಟ್ರು. "ನನ್ನದೇ ನೀರು. ತಪ್ಪಾಯ್ತು."

"ತಪ್ಪಾಯ್ತಂತೆ! ಇನ್ಮೇಲೆ ದಿನಾ ಬಂದು ಪರೀಕ್ಷೆ ಮಾಡ್ತೀನಿ, ನೋಡ್ತಿರಿ. ಅಣೆಕಟ್ಟು ಕಟ್ಟಿದವನು ನಾನು!" ಎಂದು ಓವರ್‌ಸಿಯರರು ಕೂಗುತ್ತ ಇಳಿದುಹೋದರು. ಕೆಳಗಿನವರೆಗೂ ದನಿ ಕೇಳಿಸುತ್ತಲೇ ಇತ್ತು.

ಕಾಂಪೌಂಡರರು ಬಹಳ ಹೊತ್ತು ತಲೆಯಾಡಿಸಿದರು.

"ಒರಟು ಮನುಷ್ಯ. ಆದ್ರೂ ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಆತ ಹೇಳಿದ್ರಲ್ಲಿ ತಪ್ಪಿಲ್ಲ. ಅಷ್ಟು ಕಷ್ಟಪಟ್ಟು ಮಾಡಿ, ಅದೇ ದಿನ ಯಾರಾದ್ರೂ ನೀರು ಹುಯ್ಕೋತಾರಾ? ನಿಮಗೆ ತಾಳ್ಮೆಯೇ ಇಲ್ಲ."

"ಹೌದು," ಎಂದರು ಮೇಷ್ಟ್ರು.

"ಅದು ಸರಿಯಾಗಿ ಒಣಗೋವರೆಗೂ ಇಲ್ಲಿ ಸ್ನಾನ ಮಾಡಲೇಬೇಡಿ. ನನ್ನ ಮನೆ ಇದೆಯಲ್ಲ. ನಾಳೆಯಿಂದ ಬೆಳಗ್ಗೆ ಟವೆಲ್ ತಗೊಂಡು ಮೇಲೆ ಬಂದ್ಬಿಡಿ. ಸಂಕೋಚ ಪಡ್ಬೇಡಿ, ಎಷ್ಟು ಬೇಕಾದ್ರೂ ಹುಯ್ಕೊಳಿ. ಎಂಥಾ ಬಚ್ಚಲು ಅಂತೀರಿ! ಒಂದು ತೊಟ್ಟು ನಿಲ್ಲಲ್ಲ. ಸರ್ರನೆ ಎಲ್ಲೋ ಹೋಗಿಬಿಡುತ್ತೆ."

ಮೇಷ್ಟ್ರು ಆಗಲಿ ಎಂದು ಹೇಳಿ, ಆನೆಯನ್ನು ಒಂದು ಮನೆ ಮುಂದೆ ನಡೆಸಿದರು.